ನಿಫ್ಟಿ ಫ್ಯೂಚರ್ಸ್: ಇಎಂಎ ಕ್ರಾಸ್ ಯಾಕೆ ಕೈಕೊಡುತ್ತೆ?

ಶಿರಾಗೇಟ್, ತುಮಕೂರು: 5 ನಿಮಿಷದ ಚಾರ್ಟ್‌ನಲ್ಲಿ 9 ಮತ್ತು 20 ಇಎಂಎ (ಇತ್ತೀಚಿನ ಬೆಲೆಗೆ ಹೆಚ್ಚು ತೂಕ ಕೊಡೋ ಸರಾಸರಿ ಗೆರೆ) ಕ್ರಾಸ್ ಆದ ಕೂಡಲೇ ಟ್ರೇಡ್‌ಗೆ ಎಂಟ್ರಿ. ಗ್ಯಾಪ್ ಇದ್ದ ದಿನ (ನಿನ್ನೆಯ ಕ್ಲೋಸ್‌ನಿಂದ ದೂರ ಓಪನ್ ಆದಾಗ), ಆಮೇಲೆ ಮಧ್ಯಾಹ್ನದ ಹೊತ್ತು ಸ್ಟಾಪ್ (ನಷ್ಟ ಇಲ್ಲಿಗೆ ಸಾಕು ಅಂತ ಇಟ್ಟ ಬೆಲೆ) ಹೊಡೆಯೋದೇ ಜಾಸ್ತಿ. ಆರ್‌ಎಸ್‌ಐ (ಬೆಲೆ ಏರಿಳಿತದ ಜೋರು ಅಳೆಯೋ ಸೂಚಕ) ಸೇರಿಸಿದ್ರೆ ಸರಿಹೋಗುತ್ತಾ?

ಚಿಂತಾಮಣಿಯವ: ಆರ್‌ಎಸ್‌ಐ ಹುಟ್ಟೋದೂ ಅದೇ ಕ್ಲೋಸ್ ಬೆಲೆಯಿಂದ, ಹೊಸದೇನೂ ಹೇಳಲ್ಲ ಗುರು. 9:15ಕ್ಕೆ ನಿಮ್ಮ 20 ಇಎಂಎ ತುಂಬ ನಿನ್ನೆಯ ಕ್ಯಾಂಡಲ್‌ಗಳೇ (ಒಂದೊಂದು 5 ನಿಮಿಷದ ಬೆಲೆ ತೋರಿಸೋ ಕಡ್ಡಿ). ಗ್ಯಾಪ್ ಆದ್ರೆ ಗೆರೆ ಹಿಂದೆಯೇ ಉಳಿಯುತ್ತೆ. ವಿವ್ಯಾಪ್ (ವಾಲ್ಯೂಮ್ ತೂಕದ ಸರಾಸರಿ ಬೆಲೆ) ಹಾಕಿ, ಅದು ದಿನಾ ಹೊಸದಾಗಿ ಶುರುವಾಗುತ್ತೆ. ಫ್ಯೂಚರ್ಸ್ ಚಾರ್ಟ್‌ಗೇ ಹಾಕಬೇಕು, ಸ್ಪಾಟ್ ಅಂದ್ರೆ ನಿಫ್ಟಿ ಸೂಚ್ಯಂಕಕ್ಕೆ ತನ್ನದೇ ವಾಲ್ಯೂಮ್ ಇಲ್ಲ. ಮೊದಲ 15 ನಿಮಿಷದ ಹೈ-ಲೋ, ನಿನ್ನೆಯ ಹೈ-ಲೋ ಗೆರೆ ಎಳೆದಿಡಿ. ಬೆಲೆ ವಿವ್ಯಾಪ್ ಮೇಲಿದ್ದು, ಆ ಹೈ ಗೆರೆ ಮೇಲೆ ಕ್ಯಾಂಡಲ್ ಕ್ಲೋಸ್ ಆಗಿ, ವಾಪಸ್ ಬಂದು ಅಲ್ಲೇ ನಿಂತರೆ, ಆ ನಿಂತ ಕ್ಯಾಂಡಲ್‌ನ ಹೈ ದಾಟಿದಾಗ ಎಂಟ್ರಿ. ಕ್ಲೋಸ್ ಕೆಳಗೇ ಆಗಿ, ಬರೀ ಕ್ಯಾಂಡಲ್ ಬಾಲ ಮೇಲೆ ಹೋಗಿದ್ರೆ ಬೇಡ. ಮಧ್ಯಾಹ್ನ ವಿವ್ಯಾಪ್ ಚಪ್ಪಟೆಯಾಗಿದ್ರೆ ಕ್ರಾಸ್ ನೋಡಲೇಬೇಡಿ.

ಮಾಲೂರು_ಎಫ್‌ಒ: ಸ್ಟಾಪ್ ಆ ಕ್ಯಾಂಡಲ್‌ನ ಲೋಗಿಂತ ಅರ್ಧ ಎಟಿಆರ್ (ಒಂದು ಕ್ಯಾಂಡಲ್ ಸರಾಸರಿ ಎಷ್ಟು ಅಲುಗಾಡುತ್ತೆ ಅನ್ನೋದು) ಕೆಳಗೆ. ಎಟಿಆರ್ 20 ಪಾಯಿಂಟ್ ಇದ್ದಾಗ ಎಂಟ್ರಿಯಿಂದ ಬರೀ 10 ಪಾಯಿಂಟ್ ದೂರಕ್ಕೆ ಸ್ಟಾಪ್ ಇಟ್ರೆ ಮಾಮೂಲಿ ಅಲುಗಾಟಕ್ಕೇ ಹೋಗುತ್ತೆ. ಎಂಟ್ರಿಯಿಂದ ಸ್ಟಾಪ್‌ವರೆಗಿನ ಪಾಯಿಂಟ್ ಗುಣಿಸು ಲಾಟ್ ಸೈಜ್ (ಒಂದು ಲಾಟ್‌ನಲ್ಲಿರೋ ಸಂಖ್ಯೆ) ನಿಮ್ಮ ನಷ್ಟದ ಮಿತಿ ದಾಟಿದ್ರೆ ಟ್ರೇಡ್ ಬಿಡಿ, ಸ್ಟಾಪ್ ಹತ್ತಿರ ಎಳೀಬೇಡಿ. ಎಸ್‌ಎಲ್ ಲಿಮಿಟ್‌ನಲ್ಲಿ (ಟ್ರಿಗರ್ ಬೆಲೆ ಮುಟ್ಟಿದಾಗ ಲಿಮಿಟ್ ಬೆಲೆಗೆ ಹೋಗೋ ಸ್ಟಾಪ್ ಆರ್ಡರ್) ಟ್ರಿಗರ್, ಲಿಮಿಟ್ ಎರಡೂ ಒಂದೇ ಬೆಲೆ ಇಟ್ರೆ, ಜೋರಾಗಿ ಬಿದ್ದಾಗ ಆರ್ಡರ್ ತುಂಬದೇ ಉಳಿಯಬಹುದು. ಸ್ಟಾಪ್ ಬರೀ ತಲೆಯಲ್ಲಿ ಇಟ್ಕೋಬೇಡಿ, ಆರ್ಡರ್ ಹಾಕಿಬಿಡಿ; ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಲ್ಲ.

ಶಿರಾಗೇಟ್, ತುಮಕೂರು: ಶಾರ್ಟ್‌ಗೂ (ಬೀಳುತ್ತೆ ಅಂತ ಮೊದಲೇ ಮಾರೋದು) ಇದೇನಾ?

ಚಿಂತಾಮಣಿಯವ: ಹೂಂ, ಉಲ್ಟಾ ಮಾಡಿ ಅಷ್ಟೇ.