ಪವರ್ ಪ್ಯಾಕ್ ಜೋಡಣೆಗೆ ಎಆರ್, ವಿಆರ್: ಎಲ್ಲಿ ದುಡ್ಡು ಹಾಕೋದು, ಎಲ್ಲಿ ಬೇಡ?

ಪ್ರಶ್ನೆ

ಪೀಣ್ಯದಲ್ಲಿ ಹೈಡ್ರಾಲಿಕ್ ಪವರ್ ಪ್ಯಾಕ್ (ಎಣ್ಣೆಯ ಒತ್ತಡದಿಂದ ಯಂತ್ರ ನಡೆಸುವ ಟ್ಯಾಂಕ್, ಪಂಪು, ಮೋಟರಿನ ಜೋಡಣೆ) ಮಾಡುವ ಘಟಕ. 70 ಜನ, ತಿಂಗಳಿಗೆ 35–40 ಪ್ಯಾಕ್, ಹೆಚ್ಚುಕಡಿಮೆ ಒಂದರಂತೆ ಇನ್ನೊಂದಿಲ್ಲ. ತೊಂದರೆ ಮೂರು. ಮ್ಯಾನಿಫೋಲ್ಡ್ (ವಾಲ್ವ್‌ಗಳು ಕೂರುವ, ಒಳಗೆ ಎಣ್ಣೆಯ ದಾರಿ ಕೊರೆದ ಬ್ಲಾಕ್) ಜೋಡಣೆಯ ತಪ್ಪು ಟೆಸ್ಟ್ ಬೆಂಚಿಗೆ ಬಂದ ಮೇಲೇ ಗೊತ್ತಾಗುತ್ತದೆ. ಸಣ್ಣಪುಟ್ಟ ಸರ್ವೀಸಿಗೂ ಪುಣೆ, ಕೊಯಮತ್ತೂರಿಗೆ ಜನ ಕಳಿಸಬೇಕು. ಟ್ಯಾಂಕ್ ವೆಲ್ಡಿಂಗಿಗೆ ಬರುವ ಹೊಸಬರು ಕೈ ಕೂರುವಷ್ಟರಲ್ಲಿ ಕೆಲಸ ಬಿಡುತ್ತಾರೆ. ಎದುರಿನ ವಸ್ತುವಿನ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸಿ ತೋರಿಸುವ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಹೆಡ್‌ಸೆಟ್ ನಾಲ್ಕು ಕೊಂಡರೆ ಮೂರೂ ಸರಿಹೋಗುತ್ತದೆ ಎಂದು ಮಾರುವವರು ಹೇಳುತ್ತಿದ್ದಾರೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

(ಕೆಳಗಿನ ತಲೆಬರಹಗಳು ಉತ್ತರ ಕೊಟ್ಟವರ ಅಡ್ಡಹೆಸರುಗಳು.)

ಟಾರ್ಕ್ ವ್ರೆಂಚ್

ಮೇಡಂ, ಮೂರು ತೊಂದರೆಗೆ ಮದ್ದು ಮೂರು ಥರ. ಒಂದೇ ಹೆಡ್‌ಸೆಟ್ ಮೂರಕ್ಕೂ ಆಗುವುದಿಲ್ಲ.

ಮೊದಲು ಮ್ಯಾನಿಫೋಲ್ಡ್. ಕಳೆದ ಮೂರು ತಿಂಗಳ ಟೆಸ್ಟ್ ಬೆಂಚ್ ರಿಜಿಸ್ಟರ್ ತೆಗೆದು ತಪ್ಪುಗಳನ್ನು ಬೇರೆ ಮಾಡಿ. ಸಾಮಾನ್ಯವಾಗಿ ಸಿಗುವುದು ಇವು: ಚೆಕ್ ವಾಲ್ವ್ (ಎಣ್ಣೆಯನ್ನು ಒಂದೇ ಕಡೆ ಬಿಡುವುದು) ತಿರುವುಮುರುವು, ಎನ್‌ಜಿ6 ಅಳತೆಯ ವಾಲ್ವಿನ ಅಡಿಯ ನಾಲ್ಕು ಓ-ರಿಂಗ್‌ಗಳಲ್ಲಿ ಒಂದು ಜಾರಿರುವುದು, ಬಿಎಸ್‌ಪಿ (ಇಂಚಿನ ಬ್ರಿಟಿಷ್ ಥ್ರೆಡ್) ಪೋರ್ಟಿಗೆ ಮೆಟ್ರಿಕ್ ಪ್ಲಗ್, ಪೋರ್ಟಿನೊಳಗೇ ಉಳಿದ ಪ್ಲಾಸ್ಟಿಕ್ ಕ್ಯಾಪ್, ಎಂ5 ಬೋಲ್ಟಿಗೆ ಅಂದಾಜಿನ ಬಿಗಿ, ತಪ್ಪು ಸ್ಪೂಲಿನ (ಒಳಗೆ ಸರಿದು ಎಣ್ಣೆಯ ದಾರಿ ಬದಲಿಸುವ ಭಾಗ) ವಾಲ್ವ್.

ಕೊನೆಯದನ್ನು ಯಾವ ಎಆರ್ ಕನ್ನಡಕವೂ ಹಿಡಿಯಲಾರದು. ಕ್ಲೋಸ್ಡ್ ಸೆಂಟರ್, ಟ್ಯಾಂಡಮ್ ಸೆಂಟರ್ ಸ್ಪೂಲ್‌ಗಳ ವಾಲ್ವ್ ಹೊರಗಿನಿಂದ ಅವಳಿ ಮಕ್ಕಳಿದ್ದ ಹಾಗೆ. ವ್ಯತ್ಯಾಸ ಇರುವುದು ನೇಮ್‌ಪ್ಲೇಟಿನ ಕೋಡಿನಲ್ಲಿ ಮಾತ್ರ. ಅದಕ್ಕೆ ಬೇಕಾದ್ದು ಬಾರ್‌ಕೋಡ್ ಸ್ಕ್ಯಾನರ್. ಕೋಡ್ ಡ್ರಾಯಿಂಗಿಗೆ ಹೊಂದದಿದ್ದರೆ ಪರದೆಯಲ್ಲಿ ಮುಂದಿನ ಹಂತ ತೆರೆಯಬಾರದು. ಬೋಲ್ಟ್ ಬಿಗಿಗೂ ಅಷ್ಟೆ. 'ತಯಾರಕರು ಹೇಳಿದ ಟಾರ್ಕ್ ಕೊಡಿ' ಎಂದು ಗಾಳಿಯಲ್ಲಿ ಹಸಿರು ಅಕ್ಷರ ತೇಲಿಸಿದರೆ ಬೋಲ್ಟ್ ಬಿಗಿಯಾಗುವುದಿಲ್ಲ. ರೀಡಿಂಗ್ ಕಳಿಸುವ ಟಾರ್ಕ್ ವ್ರೆಂಚ್ ಬೇಕು. ಎಆರ್ ಕೆಲಸಕ್ಕೆ ಬರುವುದು 'ಯಾವುದು, ಎಲ್ಲಿ, ಯಾವ ಕಡೆ ಮುಖ' ಎಂಬ ಪ್ರಶ್ನೆಗಳಿಗೆ. ಅಂದರೆ ಮೇಲಿನ ಆರರಲ್ಲಿ ಚೆಕ್ ವಾಲ್ವಿಗೆ, ಪ್ಲಗ್ಗಿಗೆ, ಕ್ಯಾಪಿಗೆ.

ಸ್ಟೆಪ್ ಫೈಲ್

ಮೇಲಿನ ಮಾತಿಗೆ ಸೇರಿಸುತ್ತೇನೆ. ಪ್ರತಿ ಪ್ಯಾಕೂ ಬೇರೆ ಅಂದಿರಲ್ಲ, ಎಆರ್ ಎಂಬ ಹೆಸರು ಹುಟ್ಟಿದ್ದೇ ಅಂಥ ಕೆಲಸಕ್ಕೆ. 1990ರ ದಶಕದ ಆರಂಭದಲ್ಲಿ ಬೋಯಿಂಗ್‌ನ ಟಾಮ್ ಕಾಡೆಲ್, ಡೇವಿಡ್ ಮೈಜೆಲ್ ವಿಮಾನದ ವೈರ್ ಕಟ್ಟು ಜೋಡಿಸುವ ದೊಡ್ಡ ಹಲಗೆಗಳ ಬದಲು ತಲೆಗೆ ತೊಟ್ಟ ಪರದೆಯಲ್ಲಿ ದಾರಿ ತೋರಿಸಬಹುದೇ ಎಂದು ಹೊರಟಾಗ ಬಂದ ಪದ ಅದು. ಏರ್‌ಬಸ್ ಎ380ರ ಒಡಲಿನ ಸಾವಿರಾರು ಬ್ರಾಕೆಟ್‌ಗಳ ತಪಾಸಣೆ ಮೂರು ವಾರದಿಂದ ಮೂರು ದಿನಕ್ಕೆ ಇಳಿದದ್ದು ಟ್ಯಾಬ್ಲೆಟ್ಟಿನಲ್ಲಿ, ಹೆಡ್‌ಸೆಟ್ಟಿನಲ್ಲಲ್ಲ. ಅದು ಸಾಧ್ಯವಾದದ್ದು ಪ್ರತಿ ಬ್ರಾಕೆಟ್ಟೂ 3ಡಿ ಮಾದರಿಯಲ್ಲಿ ಇದ್ದುದರಿಂದ.

ನಿಮ್ಮಲ್ಲಿ 3ಡಿ ಎಷ್ಟು ಪೂರ್ತಿ ಇದೆ? ಬ್ಲಾಕ್ ಮಾತ್ರ ಬಿಡಿಸಿ, ಹೋಸು, ಫಿಟ್ಟಿಂಗನ್ನು ಜೋಡಿಸುವವರ ಕೈಗೆ ಬಿಟ್ಟಿದ್ದರೆ ತೋರಿಸುವುದಕ್ಕೇನೂ ಇರುವುದಿಲ್ಲ. ಇದ್ದರೆ ಹೀಗೆ ಮಾಡಿ. ಸ್ಟೆಪ್ ಫೈಲಿನಿಂದ (3ಡಿ ಡಿಸೈನಿನ ಸಾಮಾನ್ಯ ಫೈಲ್) ಥ್ರೆಡ್, ಒಳಗಿನ ಡ್ರಿಲ್ ದಾರಿ, ಸಣ್ಣ ಫಿಲೆಟ್, ಪಂಪು-ಮೋಟರಿನ ಒಳಭಾಗ ಎಲ್ಲ ತೆಗೆಯಿರಿ. ಆಮೇಲೆ ಮೆಷ್ (ಮೇಲ್ಮೈಯನ್ನು ಸಣ್ಣ ತ್ರಿಕೋನಗಳಾಗಿ ಒಡೆಯುವುದು) ಮಾಡಿ, ಹೆಡ್‌ಸೆಟ್ ಓದುವ ಜಿಎಲ್‌ಬಿ ಫೈಲಿಗೆ ಹಾಕಿ. ಫ್ರೀಕ್ಯಾಡ್, ಬ್ಲೆಂಡರ್ ಸಾಕು. ಕಂಪ್ಯೂಟರಿಗೆ ಜೋಡಿಸದ ಹೆಡ್‌ಸೆಟ್ಟಿಗೆ ಒಂದು ನೋಟದಲ್ಲಿ ಹತ್ತು ಲಕ್ಷ ತ್ರಿಕೋನದೊಳಗೆ ಇರಲಿ. ಮೋಟರ್ ತಯಾರಕರು ಕೊಡುವ ಮಾದರಿ ಒಂದೇ ಅದನ್ನು ನುಂಗಿಬಿಡುತ್ತದೆ. ಫ್ಯಾನ್ ಕವರಿನ ಜಾಲರಿಯೇ ಶತ್ರು.

ಇನ್ನೊಂದು: ಹೊಳೆಯುವ ಮಿಲ್ಲಿಂಗ್ ಬ್ಲಾಕಿನ ಆಕಾರ ನೋಡಿ ಕ್ಯಾಮೆರಾ ಗುರುತು ಹಿಡಿಯುತ್ತದೆ ಎಂದು ನಂಬಬೇಡಿ. ಬೆಳಕು ಹೊಡೆದು ಅಂಚು ಕಳೆದುಹೋಗುತ್ತದೆ, ಘನಾಕೃತಿಗೆ ಎಲ್ಲ ಮುಖವೂ ಒಂದೇ. ಗುರುತಿನ ಚೀಟಿಯನ್ನು ಬ್ಲಾಕಿಗಲ್ಲ, ಅದನ್ನು ಹಿಡಿದಿಡುವ ಫಿಕ್ಸ್ಚರಿಗೆ ಹಾಕಿ. 10 ಸೆಂ.ಮೀ. ಚೌಕದ ಕ್ಯೂಆರ್, ಮ್ಯಾಟ್ ಪ್ರಿಂಟ್, ಅಲ್ಯುಮಿನಿಯಂ ತಗಡಿನ ಮೇಲೆ. ಲ್ಯಾಮಿನೇಟ್ ಮಾಡಿದರೆ ಮತ್ತೆ ಹೊಳಪು, ಎಣ್ಣೆ ಕೈಯ ಗುರುತು ಬೇರೆ. ಬ್ಲಾಕ್ ಫಿಕ್ಸ್ಚರಿನಲ್ಲಿ ಒಂದೇ ರೀತಿ ಕೂರುವಂತೆ ಡೋವೆಲ್ ಪಿನ್ ಕೊಡಿ. ಇಷ್ಟಾದರೂ ಚಿತ್ರ ಕೆಲವು ಮಿ.ಮೀ. ಆಚೀಚೆ ಸರಿಯುತ್ತದೆ. ಪಕ್ಕಪಕ್ಕದ ಒಂದೇ ಅಳತೆಯ (ಜಿ1/4) ಎರಡು ಪೋರ್ಟುಗಳಲ್ಲಿ ಯಾವುದು ಎಂಬ ಗೊಂದಲ ಅಲ್ಲೇ ಶುರು. ಬಾಣದ ಜೊತೆ ಬ್ಲಾಕಿನ ಮೇಲೆ ಕೊರೆದ ಪೋರ್ಟ್ ಹೆಸರನ್ನೂ ತೋರಿಸಿ.

ಮೂರನೇ ಪಾಳಿ

ಇಷ್ಟೆಲ್ಲ ಬೇಡ ಅನ್ನುವ ಪಕ್ಷ ನನ್ನದು. ಬೆಂಚು ಒಂದೇ ಜಾಗದಲ್ಲಿದ್ದರೆ ತಲೆಗೆ ಏನನ್ನೂ ತೊಡಿಸಬೇಡಿ. ಬೆಂಚಿನಿಂದ 2 ಮೀಟರ್ ಮೇಲೆ ಒಂದು ಪ್ರೊಜೆಕ್ಟರ್ ತೂಗುಹಾಕಿ, ಮುಂದೆ ಬೇಕಾದ ಬಿಡಿಭಾಗದ ಬಿನ್ನಿನ (ಡಬ್ಬದ) ಮೇಲೆ, ಬ್ಲಾಕಿನ ಪೋರ್ಟಿನ ಮೇಲೆ ಬೆಳಕು ಬೀಳಿಸಿ. ಅದೂ ಎಆರ್ ಕುಲದ್ದೇ. 3,000 ಲ್ಯೂಮೆನ್ನಿಗಿಂತ ಕಡಿಮೆಯದು ಶೆಡ್ಡಿನ ಬೆಳಕಿನಲ್ಲಿ ಕಾಣುವುದಿಲ್ಲ. ಬಲ್ಬಿನದು ಬೇಡ, ಲೇಸರ್ ಮೂಲದ್ದು ತಗೊಳ್ಳಿ, ಇಲ್ಲದಿದ್ದರೆ ಎರಡು ಪಾಳಿ ಓಡಿಸಿದಾಗ ಬಲ್ಬಿನ ಲೆಕ್ಕವೇ ತಲೆನೋವು. ಕೈಯ ನೆರಳು ಬೀಳುತ್ತದೆ. ನೇರ ಮೇಲಿನಿಂದ ಬೇಡ, ಎದುರಿನ ಅಂಚಿನಿಂದ ಓರೆಯಾಗಿ ಬಿಡಿ.

ತಪ್ಪು ಬರೀ ಬಿನ್ ಆಯ್ಕೆಯದ್ದಾದರೆ ಅದೂ ಬೇಡ. ಪ್ರತಿ ಬಿನ್ನಿಗೆ ಒಂದು 24 ವೋಲ್ಟ್ ಎಲ್‌ಇಡಿ, ಅವನ್ನು ಹೊತ್ತಿಸಲು ಸಣ್ಣ ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್). ಮುಗಿಯಿತು.

ಸರ್ವೀಸ್ ವ್ಯಾನ್

ಪುಣೆ-ಕೊಯಮತ್ತೂರಿನ ಬಗ್ಗೆ. ದುಡ್ಡು ಬೇಗ ವಾಪಸ್ ಬರುವುದು ಇಲ್ಲೇ. ಗಿರಾಕಿಯ ಫಿಟ್ಟರ್ ಕಂಡದ್ದನ್ನು ನಿಮ್ಮ ಎಂಜಿನಿಯರ್ ಪೀಣ್ಯದಲ್ಲೇ ನೋಡಿ ಗುರುತು ಹಾಕುವುದು, ಅಷ್ಟೆ. ಶುರುವಿಗೆ ಮೊಬೈಲು, ಎದೆಗೆ ಕಟ್ಟುವ ಮೌಂಟು, ಚಿತ್ರದ ಮೇಲೆ ಗೀಚಲು ಬರುವ ವೀಡಿಯೊ ಕರೆ ಸಾಕು. ಓಡುವ ಚಿತ್ರದ ಮೇಲೆ ಗೀಚಬೇಡಿ; ಫ್ರೀಜ್ ಮಾಡಿ ಗುರುತು ಹಾಕಿ ಕಳಿಸಿ. ತಲೆ ಅಲ್ಲಾಡಿದರೆ ನೀವು ರಿಲೀಫ್ ವಾಲ್ವಿಗೆ ಹಾಕಿದ ವೃತ್ತ ಪ್ರೆಶರ್ ಗೇಜಿನ ಮೇಲೆ ಹೋಗಿ ಕೂರುತ್ತದೆ. ಆ ಕಡೆಯವರು ತಪ್ಪು ನಟ್ ಬಿಚ್ಚಿದರೆ 150 ಬಾರ್ ಎಣ್ಣೆ ಮುಖಕ್ಕೆ ಬರುತ್ತದೆ. ಪಂಪ್ ನಿಲ್ಲಿಸಿ, ಅಕ್ಯುಮುಲೇಟರಿನ (ಒತ್ತಡದ ಎಣ್ಣೆ ಕೂಡಿಡುವ ಪಾತ್ರೆ) ಒತ್ತಡ ಇಳಿಸಿ, ಗೇಜ್ ಸೊನ್ನೆಗೆ ಬಂದದ್ದನ್ನು ಕ್ಯಾಮೆರಾಕ್ಕೆ ತೋರಿಸಿದ ಮೇಲೇ ಸ್ಪ್ಯಾನರ್ ಹಚ್ಚಬೇಕು ಎಂದು ನಿಯಮ ಬರೆದಿಡಿ.

ಎರಡೂ ಕೈ ಖಾಲಿ ಬೇಕೆಂದಾಗ ರಿಯಲ್‌ವೇರ್ ಥರದ ಹೆಡ್‌ಸೆಟ್ ನೋಡಬಹುದು. ಕಣ್ಣಿನ ಪಕ್ಕ ಪುಟ್ಟ ಪರದೆ, ಮಾತಿನಲ್ಲೇ ನಡೆಯುತ್ತದೆ, ಗದ್ದಲದ ಶೆಡ್ಡಿಗೆಂದೇ ಮಾಡಿದ್ದು. ಚಿತ್ರವನ್ನು ವಸ್ತುವಿನ ಮೇಲೆ ಕೂರಿಸುವುದಿಲ್ಲ, ಸರ್ವೀಸಿಗೆ ಅದು ಬೇಕಾಗಿಯೂ ಇಲ್ಲ. ಅಪ್‌ಲೋಡ್ ವೇಗ 2 ಎಂಬಿಪಿಎಸ್‌ಗಿಂತ ಕೆಳಗಿಳಿದರೆ ನೇಮ್‌ಪ್ಲೇಟ್ ಓದಲಾಗದು; ಆಗ ಸ್ಟಿಲ್ ಫೋಟೊ ತರಿಸಿಕೊಳ್ಳಿ. ಮತ್ತೆ, ಗಿರಾಕಿಯ ಕಾರ್ಖಾನೆಯೊಳಗೆ ಕ್ಯಾಮೆರಾ ತರಲು ಲಿಖಿತ ಅನುಮತಿ ಮೊದಲೇ ತಗೊಳ್ಳಿ. ರಕ್ಷಣಾ, ವಿಮಾನ ಬಿಡಿಭಾಗದವರಾದರೆ ವೀಡಿಯೊ ಯಾವ ದೇಶದ ಸರ್ವರಿನಲ್ಲಿ ಉಳಿಯುತ್ತದೆ ಎಂದೂ ಕೇಳುತ್ತಾರೆ.

ಬೀಡ್ ಚೆಕ್

ವೆಲ್ಡಿಂಗ್ ಕಲಿಸುವ ಸಿಮ್ಯುಲೇಟರ್‌ಗಳು: ಲಿಂಕನ್‌ನ ವಿಆರ್‌ಟೆಕ್ಸ್, ಫ್ರೋನಿಯಸ್‌ನ ವರ್ಚುಯಲ್ ವೆಲ್ಡಿಂಗ್, ಸೋಲ್ಡಾಮ್ಯಾಟಿಕ್ ಇವೆ. ಟಾರ್ಚಿನ ಕೋನ, ಸಾಗುವ ವೇಗ, ತುದಿಯಿಂದ ತಗಡಿಗೆ 12–15 ಮಿ.ಮೀ. ಅಂತರ ಕಾಯುವುದು, ಇವು ಚೆನ್ನಾಗಿ ಕೂರುತ್ತವೆ, ಪ್ರತಿ ಸಲಕ್ಕೂ ಅಂಕ ಬರುತ್ತದೆ, ತಗಡು-ಗ್ಯಾಸು ಉಳಿಯುತ್ತದೆ. ಬಿಸಿ, ಹೊಗೆ, 5 ಮಿ.ಮೀ. ತಗಡು ಸೊಟ್ಟಗಾಗುವುದು ಅಲ್ಲಿ ಬರುವುದಿಲ್ಲ. ಅರ್ಧ ಗಂಟೆ ಸಿಮ್ಯುಲೇಟರ್, ತಕ್ಷಣ ಅದೇ ಜಾಯಿಂಟ್ ನಿಜವಾದ ತಗಡಿನ ಮೇಲೆ. ವರ್ಷಕ್ಕೆ ಹತ್ತು ಜನರನ್ನೂ ತಯಾರು ಮಾಡದಿದ್ದರೆ ಕೊಳ್ಳಬೇಡಿ, ಇರುವ ತರಬೇತಿ ಕೇಂದ್ರಕ್ಕೆ ಕಳಿಸಿ.

ಸ್ಟೆಪ್ ಫೈಲ್

ನೀವು ಕೇಳದೇ ಇದ್ದ ಒಂದು ಉಪಯೋಗ: ಟ್ಯಾಂಕ್ ವೆಲ್ಡ್ ಆಗುವ ಮೊದಲು ಪೂರ್ತಿ ಪ್ಯಾಕನ್ನು ವಿಆರ್‌ನಲ್ಲಿ (ವರ್ಚುಯಲ್ ರಿಯಾಲಿಟಿ, ಕಣ್ಣು ಮುಚ್ಚುವ ಹೆಡ್‌ಸೆಟ್ಟಿನೊಳಗಿನ ಪೂರ್ತಿ ಕಂಪ್ಯೂಟರ್ ದೃಶ್ಯ) ನಿಜ ಅಳತೆಗೆ ನೋಡುವುದು. ಇದಕ್ಕೆ ಮೆಟಾ ಕ್ವೆಸ್ಟ್ 3 ಥರದ ಹೆಡ್‌ಸೆಟ್ ಒಂದೇ ಒಂದು ಸಾಕು. ರಿಟರ್ನ್ ಫಿಲ್ಟರಿನ ಎಲಿಮೆಂಟ್ ಮೇಲಕ್ಕೆಳೆಯಲು ಜಾಗ ಇದೆಯೇ, ಡ್ರೈನ್ ಪ್ಲಗ್ಗಿನ ಕೆಳಗೆ ಡಬ್ಬ ಹೋಗುತ್ತದೆಯೇ, ಬಾಲ್ ವಾಲ್ವಿನ ಹಿಡಿ ತಿರುಗಿದಾಗ ಪೈಪಿಗೆ ತಾಗುತ್ತದೆಯೇ, ಲೆವೆಲ್ ಗೇಜ್ ನಿಂತವರ ಕಣ್ಣಿಗೆ ಬೀಳುತ್ತದೆಯೇ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಗ್ಗಿ ಕೈ ಹಾಕಿದಾಗ ಗೊತ್ತಾಗುವುದು. ಡಿಸೈನರ್ ಅಲ್ಲ, ಸರ್ವೀಸ್ ಫಿಟ್ಟರ್ ತೊಟ್ಟು ನೋಡಲಿ. 15 ನಿಮಿಷ ಮೀರಬೇಡಿ, ಕೈ ಕಂಟ್ರೋಲರಿನ ಕಡ್ಡಿ ದೂಡಿ ದೃಶ್ಯದೊಳಗೆ ನಡೆಸಬೇಡಿ, ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಸಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಇದನ್ನು ತೊಟ್ಟು ಶಾಪ್ ಫ್ಲೋರಿನಲ್ಲಿ ಓಡಾಡುವಂತಿಲ್ಲ. ಹೊರಗಿನದು ಕಾಣುವುದು ಕ್ಯಾಮೆರಾ ಮೂಲಕ. ಬ್ಯಾಟರಿ ಎರಡು ಗಂಟೆ ಚಿಲ್ಲರೆ, ಮುಗಿದರೆ ಕತ್ತಲೆ, ತಲೆಯ ಮೇಲೆ ಕ್ರೇನು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮಾರುವವರು ತೋರಿಸಿದ್ದು ಮೈಕ್ರೋಸಾಫ್ಟಿನ ಎಆರ್ ಹೆಡ್‌ಸೆಟ್ ಹೋಲೊಲೆನ್ಸ್ 2, ಸೆಕೆಂಡ್ ಹ್ಯಾಂಡ್. ಹಂತಗಳನ್ನು ಕನ್ನಡದಲ್ಲಿ ತೋರಿಸಬಹುದೇ? ಅರ್ಧದಷ್ಟು ಜನ ಒಡಿಶಾ, ಬಿಹಾರದವರೂ ಇದ್ದಾರೆ.

ಟಾರ್ಕ್ ವ್ರೆಂಚ್

ಹೋಲೊಲೆನ್ಸ್ 2ರ ತಯಾರಿಕೆ 2024ರಲ್ಲೇ ನಿಂತಿದೆ, ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಬೆಂಬಲ 2027ರ ಡಿಸೆಂಬರ್ ಕೊನೆಯವರೆಗೆ ಮಾತ್ರ. ಗೂಗಲ್ ಗ್ಲಾಸ್ ಎಂಟರ್‌ಪ್ರೈಸ್ 2023ರಲ್ಲಿ ಮಾರಾಟದಿಂದ ಹೋಯಿತು. ಹೀಗೆ ಸಾಧನ ಸಾಯುತ್ತಿರುತ್ತದೆ. ಹಂತಗಳನ್ನು ಎಕ್ಸೆಲ್ಲಿನಲ್ಲಿ, ಚಿತ್ರವನ್ನು ಪಿಎನ್‌ಜಿಯಲ್ಲಿ, ಮಾದರಿಯನ್ನು ಜಿಎಲ್‌ಬಿಯಲ್ಲಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಮಾರುವವರ ಕ್ಲೌಡಿನಲ್ಲಿ ಮಾತ್ರ ಇದ್ದರೆ ಮತ್ತೆ ಮೊದಲಿನಿಂದ.

ಮೂರನೇ ಪಾಳಿ

ಕನ್ನಡದ್ದು ನಿಜವಾದ ತೊಡಕು. ಹೆಚ್ಚಿನ ಆ್ಯಪ್‌ಗಳು ಯೂನಿಟಿ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಮಾಡಿದವು, ಅದರಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಷ್ ಪ್ರೊ ಒತ್ತಕ್ಷರ ಕೂಡಿಸುವುದಿಲ್ಲ. 'ಒತ್ತಿ' ಎಂಬುದು 'ಒತ್‌ತಿ' ಆಗಿ ಕಾಣುತ್ತದೆ. ಪದಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು ಚಿತ್ರವಾಗಿ ಹಾಕಿ. ಅದಕ್ಕಿಂತ ಒಳ್ಳೆಯದು ಒಂದು ಹಂತಕ್ಕೆ ಒಂದು ಚಿತ್ರ, 5 ಸೆಕೆಂಡಿನ ಧ್ವನಿ; ಕನ್ನಡ, ಹಿಂದಿ, ಒಡಿಯಾ ಮೂರರಲ್ಲಿ. ಓದಬೇಕಾದ ಅಗತ್ಯವೇ ಇರಬಾರದು.

ಮೊದಲು ಸಣ್ಣದಾಗಿ ಪರೀಕ್ಷಿಸಿ: ಒಂದಕ್ಕೊಂದು ಹೆಚ್ಚು ಹೋಲುವ ಮ್ಯಾನಿಫೋಲ್ಡ್‌ಗಳು, ಒಂದೇ ಬೆಂಚು, ಹಳಬರೊಬ್ಬರು ಹೊಸಬರೊಬ್ಬರು. ಮೊದಲು 20 ಸೆಟ್ ಈಗಿನಂತೆ, ಆಮೇಲೆ 20 ಸೆಟ್ ಹೊಸ ರೀತಿ. ಟೆಸ್ಟ್ ಬೆಂಚಿನಿಂದ ವಾಪಸಾದದ್ದನ್ನು ಎಣಿಸಿ. 40 ಹಂತದ ಮೊದಲ ಸೂಚನೆ ತಯಾರಿಸಲು ಒಬ್ಬ ಎಂಜಿನಿಯರಿಗೆ ಎರಡು ವಾರ ಬಿಡುವು ಕೊಡಿ, ಸಂಜೆ ಹೊತ್ತು ಮಾಡು ಅನ್ನಬೇಡಿ. ಡ್ರಾಯಿಂಗ್ ರಿವಿಷನ್ ಆದ ದಿನವೇ ಬೆಂಚಿನಲ್ಲಿರುವ ಹಳೆಯ ಸೂಚನೆ ತೆರೆಯದಂತೆ ಲಾಕ್ ಆಗಬೇಕು. ಹಳೆಯ ರಿವಿಷನ್ನಿನ ಬಾಣವನ್ನು ಜನ ಕಾಗದಕ್ಕಿಂತ ಹೆಚ್ಚು ನಂಬುತ್ತಾರೆ.