ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ತಳ ಮುಟ್ಟಿತು: ಇದು ರೀಕಾಲ್ ದೋಷವೇ?

ಮೂಡಿಗೆರೆ ಸವಾರ:
ಹಾಸನದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು, 2020ರದು. ಹೋದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಘಾಟಿಯನ್ನು ಅರ್ಧ ಇಳಿದಿರಬೇಕು, ಪೆಡಲ್ ಮೆತ್ತಗಾಗಿ ಕೆಳಗೇ ಹೋಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ದರ್ಶನಕ್ಕೆ ಮೊದಲೇ ಅಮ್ಮ ಮಂಜುನಾಥನನ್ನು ಅಲ್ಲಿಗೆ ಕರೆಸಿಕೊಂಡಿದ್ದರು! ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿ. ಪಕ್ಕದ ತೋಟದವರ ಇದೇ ಮಾದರಿಯ ಕಾರನ್ನು ಹಿಂದಿನ ಬ್ರೇಕಿನ ದೋಷಕ್ಕೆಂದು ಕಂಪನಿ ವಾಪಸ್ ಕರೆಸಿತ್ತು, ಅದೇ ರೀಕಾಲ್. ನನಗೆ ಯಾವ ಸಂದೇಶವೂ ಬಂದಿಲ್ಲ.

ಘಟ್ಟದ ಮೆಕ್ಯಾನಿಕ್:
ಪೆಡಲ್, ರೀಕಾಲ್ ಎರಡನ್ನೂ ಬೇರೆ ಬೇರೆ ನೋಡಿ ಸರ್. ಪೆಡಲ್ ಕಲ್ಲಿನಂತಾಗಿದ್ದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಕಡೆ ನೋಡುತ್ತಿದ್ದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ ಎನ್ನುತ್ತಿದ್ದೆ. ಮೆತ್ತಗಾಗಿ ಇಳಿದು, ತಣಿದ ಮೇಲೆ ಸರಿಹೋಗಿದೆ ಎಂದರೆ ಮೊದಲ ಅನುಮಾನ ಬ್ರೇಕ್ ಆಯಿಲ್ ಮೇಲೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ; ನೀವು ತುಳಿಯುವುದು ಆ ಗುಳ್ಳೆಯನ್ನು, ಬ್ರೇಕನ್ನಲ್ಲ. ಅಂದು ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ?

ಮೂಡಿಗೆರೆ ಸವಾರ:
ನಾಲ್ಕರಲ್ಲಿ. ಉದ್ದಕ್ಕೂ ಬ್ರೇಕಿನ ಮೇಲೆ ಕಾಲು.

ಘಟ್ಟದ ಮೆಕ್ಯಾನಿಕ್:
ಚಾರ್ಮಾಡಿಯಲ್ಲಿ ನಾಲ್ಕನೇ ಗೇರ್! ಎಂಜಿನ್ ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಅಮ್ಮ ಕೂಗಿದ್ದರಲ್ಲಿ ತಪ್ಪೇ ಇಲ್ಲ. ಆಯಿಲ್ ಬದಲಿಸಿ ಏರ್ ತೆಗೆಸುವವರೆಗೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ. ಎಂಜಿನ್ ಚಾಲೂ ಇಟ್ಟು, ನಿಂತಲ್ಲೇ ಪೆಡಲ್ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗಿಳಿದರೆ, ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ನೋಡಿಸಬೇಕು.

ಚಿಕ್ಕಮಗಳೂರು ಕಾರುಪ್ರೇಮಿ:
ರೀಕಾಲ್ ವಿಷಯ ನಾನು ಹೇಳುತ್ತೇನೆ. ಮಾದರಿ ಒಂದೇ ಆದರೆ ಸಾಲದು, ತಯಾರಾದ ದಿನವೂ ಹೊಂದಬೇಕು. 2022ರಲ್ಲಿ ಮಾರುತಿ ಸುಜುಕಿ ಹಿಂದಿನ ಬ್ರೇಕಿನ ಪಿನ್‌ಗಾಗಿ 9,925 ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಕಾರುಗಳನ್ನು ಕರೆಸಿತ್ತು. ಅವು ಆಗಸ್ಟ್ 3ರಿಂದ ಸೆಪ್ಟೆಂಬರ್ 1ರವರೆಗೆ ತಯಾರಾದವು ಮಾತ್ರ. ನಿಮ್ಮದು ಅದಲ್ಲ, ಉದಾಹರಣೆಗೆ ಹೇಳಿದೆ. ಆರ್‌ಸಿಯಲ್ಲಿರುವ 17 ಅಕ್ಷರಾಂಕಿಗಳ ಚಾಸಿಸ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಸಂದೇಶ ಹಳೆಯ ಮಾಲೀಕರ ಮೊಬೈಲಿಗೆ ಹೋಗಿರಬಹುದು. ರೀಕಾಲ್ ಕೆಲಸಕ್ಕೆ ಹಣ ಕೊಡಬೇಕಿಲ್ಲ. ಆಯಿಲ್ ಖರ್ಚು ಮಾತ್ರ ನಿಮ್ಮದೇ.

ಮೂಡಿಗೆರೆ ಸವಾರ:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಚಾಸಿಸ್ ಸಂಖ್ಯೆ ಹಾಕಿದರೆ ರೀಕಾಲ್ ಬಾಕಿ ಎಂದೇ ಬಂತು! ಹಾಸನದ ಹಳೆಯ ಮಾಲೀಕರಿಗೆ ಫೋನ್ ಮಾಡಿದೆ. ಸಂದೇಶ ಬಂದಿತ್ತಂತೆ, ಗಾಡಿ ಮಾರಿಯಾಗಿತ್ತಲ್ಲ ಎಂದು ಸುಮ್ಮನಿದ್ದರಂತೆ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹಿಂದಿನ ಬ್ರೇಕಿನ ಭಾಗ ಬದಲಾಯಿತು. ಅಷ್ಟಕ್ಕೇ ಕೀಲಿಕೈ ಕೊಡಲು ಬಂದರು. ಆಯಿಲ್ ತೋರಿಸಿ ಎಂದೆ. ಕಾಫಿ ಡಿಕಾಕ್ಷನ್ನಿನ ಬಣ್ಣ. ಅದನ್ನೂ ಬದಲಿಸಿದರು. ಮಾಸ್ಟರ್ ಸಿಲಿಂಡರ್ ಸರಿಯಿದೆ. ಕಂಪನಿಯ ದಾಖಲೆಯಲ್ಲಿ ಈಗ ನನ್ನ ನಂಬರ್ ಇದೆ. ಅಮ್ಮ ಮಾತ್ರ ಮುಂದಿನ ಸಲ ಬಸ್ಸೇ ಎಂದಿದ್ದಾರೆ.