ಗೇಮ್ ಕಂಪನಿಗೆ ಸ್ವಂತ ಸಿನಿಮಾ ಸ್ಟುಡಿಯೋ ಯಾಕೆ ಬೇಕು? ಉಬಿಸಾಫ್ಟ್ ಬಗ್ಗೆ ಒಂದು ಜಗಳ

ಹಳೇ_ಜಾಯ್‌ಸ್ಟಿಕ್
ಶನಿವಾರ ರಾತ್ರಿ ಕೂತು ನೆಟ್‌ಫ್ಲಿಕ್ಸ್‌ನಲ್ಲಿ ಸ್ಪ್ಲಿಂಟರ್ ಸೆಲ್ ಅನಿಮೇಷನ್ ಸರಣಿ ಮುಗಿಸಿದೆ. ಪರವಾಗಿಲ್ಲ, ಚೆನ್ನಾಗಿದೆ. ಕೊನೆಗೆ ಹೆಸರುಗಳು ಓಡುವಾಗ 'ಉಬಿಸಾಫ್ಟ್ ಫಿಲ್ಮ್ ಅಂಡ್ ಟೆಲಿವಿಷನ್' ಅಂತ ಕಂಡಿತು. ಆಗ ಹಳೆಯದೆಲ್ಲ ನೆನಪಾಗಿ ಸಿಟ್ಟು ಬಂತು.

ಗೊತ್ತಿಲ್ಲದವರಿಗೆ: ಉಬಿಸಾಫ್ಟ್ ಫ್ರಾನ್ಸಿನ ಗೇಮ್ ಕಂಪನಿ. ಅಸ್ಯಾಸಿನ್ಸ್ ಕ್ರೀಡ್, ಫಾರ್ ಕ್ರೈ, ಸ್ಪ್ಲಿಂಟರ್ ಸೆಲ್ ಗೇಮ್ ಎಲ್ಲ ಇವರದೇ. 2011ರಲ್ಲಿ ಇವರು ಪ್ಯಾರಿಸ್‌ನಲ್ಲಿ ಸ್ವಂತ ಸಿನಿಮಾ ಸಂಸ್ಥೆ ಶುರು ಮಾಡಿದರು. ಅದಾದ ಮೇಲೆ ಬರೀ ಘೋಷಣೆ ನೋಡಿ. 2012ರಲ್ಲಿ ಟಾಮ್ ಹಾರ್ಡಿ ನಟನೆಯ ಸ್ಪ್ಲಿಂಟರ್ ಸೆಲ್ ಸಿನಿಮಾ ಎಂದರು. ಹನ್ನೆರಡು ವರ್ಷ ಕಾದ ಮೇಲೆ ಅದು ನಿಂತುಹೋಯಿತು ಎಂದರು. 2019ರಲ್ಲಿ ದಿ ಡಿವಿಷನ್ ಎಂದರು. 2020ರಲ್ಲಿ ಬಿಯಾಂಡ್ ಗುಡ್ ಅಂಡ್ ಈವಿಲ್ ಎಂದರು. ಒಂದಾದರೂ ತೆರೆಗೆ ಬಂತಾ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೇ ಇವರ ಕೆಲಸ. ಸಿನಿಮಾ ಮಾಡುವ ಹಕ್ಕು ಬೇರೆಯವರಿಗೆ ಮಾರಿ, ದುಡ್ಡು ತಗೊಂಡು, ಸುಮ್ನೆ ಗೇಮ್ ಮಾಡಿಕೊಂಡು ಇರಬಾರದಾ?

ಲೆಕ್ಕದ_ಮೇಷ್ಟ್ರು
ಜಾಯ್‌ಸ್ಟಿಕ್ ಅವರೇ, ಹಕ್ಕು ಬೇರೆಯವರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಕಂಪನಿಯ ಗೇಮ್ ಉದಾಹರಣೆ ಇದೆ. 2008ರಲ್ಲಿ ನಿರ್ದೇಶಕ ಉವೆ ಬೋಲ್ ಮಾಡಿದ ಫಾರ್ ಕ್ರೈ ಸಿನಿಮಾ. ನೋಡಿದ್ದೀರಾ? ನೋಡದಿದ್ದರೆ ನೋಡಬೇಡಿ. ಅಂಥದ್ದು ಇನ್ನೊಂದು ಆಗಬಾರದು ಅಂತಲೇ ಇಂಥ ಸ್ಟುಡಿಯೋ ಕಟ್ಟಿಕೊಳ್ಳುವುದು.

ಇನ್ನೊಂದು ವಿಷಯ. ಸ್ವಂತ ಸ್ಟುಡಿಯೋ ಅಂದರೆ ಎಲ್ಲ ದುಡ್ಡೂ ತಾವೇ ಹಾಕುತ್ತಾರೆ ಅಂತ ಅಲ್ಲ. 2016ರ ಅಸ್ಯಾಸಿನ್ಸ್ ಕ್ರೀಡ್‌ಗೆ ನ್ಯೂ ರೀಜೆನ್ಸಿ ಅನ್ನುವ ನಿರ್ಮಾಣ ಸಂಸ್ಥೆ ಜೊತೆಗಿತ್ತು, ಹಂಚಿದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್. ಖರ್ಚು ಸುಮಾರು 12.5 ಕೋಟಿ ಡಾಲರ್. ಜಗತ್ತಿನಾದ್ಯಂತ ಗಳಿಕೆ ಸುಮಾರು 24 ಕೋಟಿ. ಕೇಳಲು ದುಪ್ಪಟ್ಟು. ಆದರೆ ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಚಿತ್ರಮಂದಿರದವರಿಗೇ ಹೋಗುತ್ತದೆ. ಪ್ರಚಾರದ ಖರ್ಚು ಬೇರೆ. ಲಾಭ ಎಲ್ಲಿಂದ ಬರಬೇಕು? ಬಿಡುಗಡೆಗೆ ಮುಂಚೆ ಕಂಪನಿಯವರೇ ಒಪ್ಪಿಕೊಂಡಿದ್ದರು, ಇದರಿಂದ ದೊಡ್ಡ ಗಳಿಕೆ ಬರಲಿಕ್ಕಿಲ್ಲ, ಗೇಮ್ ಆಡದವರಿಗೂ ಹೆಸರು ತಲುಪಲಿ ಅನ್ನುವುದೇ ಉದ್ದೇಶ ಅಂತ.

ಸುಮ್ನೆ_ಓದುಗ
ಅಂದರೆ 12.5 ಕೋಟಿ ಡಾಲರಿನ ಪೋಸ್ಟರ್.

ಮಲ್ನಾಡ್_ಗೇಮರ್
ಪೋಸ್ಟರ್ ಆದರೂ ನೆಟ್ಟಗಿದ್ದಿದ್ದರೆ ಸಾಕಿತ್ತು ಮಾರಾಯ್ರೆ. ನಾನು ಈ ಗೇಮನ್ನು ಮೊದಲ ಭಾಗದಿಂದ ಆಡಿದವನು. ಈ ಕಾಲದವನೊಬ್ಬ ಯಂತ್ರದ ಮೂಲಕ ತನ್ನ ಪೂರ್ವಜನ ನೆನಪಿಗೆ ಇಳಿಯುವ ಕಥೆ. ಸಿನಿಮಾದಲ್ಲಿ ಆ ಹಳೇ ಕಾಲ 1492ರ ಸ್ಪೇನ್. ಕಟ್ಟಡದಿಂದ ಕಟ್ಟಡಕ್ಕೆ ಹಾರುವುದು, ಧೂಳು, ಬೆಂಕಿ, ಮಾತೂ ಸ್ಪ್ಯಾನಿಷ್‌ನಲ್ಲೇ. ಅಷ್ಟೂ ಚಂದ. ಎತ್ತರದಿಂದ ಕೆಳಗೆ ಧುಮುಕುವ ದೃಶ್ಯಕ್ಕೆ ಡೇಮಿಯನ್ ವಾಲ್ಟರ್ಸ್ ಅನ್ನುವ ಸಾಹಸ ಕಲಾವಿದ ಹಗ್ಗ ಇಲ್ಲದೆ 125 ಅಡಿ ಬಿದ್ದರು. ಗಾಳಿ ತುಂಬಿದ ಹಾಸಿಗೆ ಮೇಲೆ. ಕಂಪ್ಯೂಟರಿನಲ್ಲಿ ಮಾಡಿ ಮುಗಿಸಬಹುದಿತ್ತು, ಆದರೂ ನಿಜವಾಗಿ ಬಿದ್ದರು.

ಆದರೆ ಸಿನಿಮಾದಲ್ಲಿ ಆ ಸ್ಪೇನ್ ಇರುವುದು ಎಷ್ಟು ಹೊತ್ತು? ಸ್ವಲ್ಪವೇ. ಜಾಸ್ತಿ ಭಾಗ ಈ ಕಾಲದ್ದು. ಬೂದು ಬಣ್ಣದ ಗೋಡೆಗಳ ಒಳಗೆ ಕೋಟು ಹಾಕಿಕೊಂಡವರು ಓಡಾಡುತ್ತಾ ಪಿಸುಪಿಸು ಮಾತಾಡುತ್ತಾರೆ. ಗೇಮಿನಲ್ಲಿ ಇದು ಉಲ್ಟಾ. ಈ ಕಾಲದ ಭಾಗ ಬಂದಾಗ ನಾವು ಯಾವಾಗ ಮುಗಿಯುತ್ತದಪ್ಪಾ ಅಂತ ಬಟನ್ ಒತ್ತುತ್ತಾ ಕೂರುತ್ತಿದ್ದೆವು. ಆಟಗಾರರು ಓಡಿಸಿ ದಾಟುವ ಭಾಗವನ್ನೇ ಸಿನಿಮಾ ಮಾಡಿದ್ದಾರೆ. ಇದು ಉವೆ ಬೋಲ್ ಮಾಡಿದ ತಪ್ಪಲ್ಲ. ಸ್ವಂತ ಸ್ಟುಡಿಯೋ ಕಣ್ಣೆದುರೇ ಆದದ್ದು. ಮೇಷ್ಟ್ರೇ, ಇದಕ್ಕೇನು ಹೇಳುತ್ತೀರಿ?

ಪಿಕ್ಸೆಲ್_ಪುಟ್ಟಿ
ನಾನು ಬೆಂಗಳೂರಿನಲ್ಲಿ ವಿಎಫ್‌ಎಕ್ಸ್ (ಸಿನಿಮಾಗೆ ಕಂಪ್ಯೂಟರಿನಲ್ಲಿ ದೃಶ್ಯ ಮಾಡುವ) ಕೆಲಸ ಮಾಡುವವಳು. ಕಂಪೋಸಿಟಿಂಗ್, ಅಂದರೆ ಬೇರೆಬೇರೆ ಚಿತ್ರಗಳನ್ನು ಒಂದೇ ಶಾಟ್ ಆಗಿ ಜೋಡಿಸುವುದು. ಹಾಗಾಗಿ ಈ ಚರ್ಚೆಗೆ ಕೆಳಗಿನ ಕಡೆಯಿಂದ ಬರುತ್ತೇನೆ.

ಹಿಂದೆ ಒಂದು ಕಡೆ (ಹೆಸರು ಬೇಡ) ಗೇಮ್ ಆಧಾರಿತ ಕೆಲಸವೊಂದು ಬಂದಿತ್ತು. ಒಂದೇ ಶಾಟ್. ನಾಯಕ ಮಳೆಯಲ್ಲಿ ನಿಂತಿದ್ದಾನೆ. ಆರು ಸೆಕೆಂಡು. ಸಿನಿಮಾದವರು ಮಳೆ ಜೋರಾಗಿರಲಿ, ಮುಖ ಸರಿಯಾಗಿ ಕಾಣದಿರಲಿ ಎಂದರು. ಮಾಡಿದೆವು. ಗೇಮ್ ಕಂಪನಿಯವರು ನೋಡಿ, ಎದೆ ಮೇಲಿನ ಗುರುತು ಕಾಣಬೇಕು, ಮಳೆ ಕಡಿಮೆ ಮಾಡಿ ಎಂದರು. ಮಾಡಿದೆವು. ಮತ್ತೆ ಸಿನಿಮಾದವರು ಜೋರು ಎಂದರು. ಹನ್ನೊಂದು ಸಲ ಮಳೆ ಹೆಚ್ಚಿಸಿ ಇಳಿಸಿದೆವು. ಕೊನೆಗೆ ಎಡಿಟಿಂಗ್‌ನಲ್ಲಿ ಆ ಶಾಟೇ ಹೋಯಿತು. ಮೂರು ಭಾನುವಾರ ನನ್ನ ಮಗಳ ಮುಖ ನೋಡಿರಲಿಲ್ಲ.

ಹಾಗಾಗಿ ಗೇಮ್ ಕಂಪನಿಯವರೇ ನಿರ್ಮಾಪಕರ ಕುರ್ಚಿಯಲ್ಲಿ ಕೂತರೆ ನನಗೆ ಖುಷಿಯೇ. ಒಬ್ಬರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಉಬಿಸಾಫ್ಟ್ 2008ರಲ್ಲೇ ಕೆನಡಾದ ಹೈಬ್ರಿಡ್ ಅನ್ನುವ ವಿಎಫ್‌ಎಕ್ಸ್ ಕಂಪನಿಯನ್ನು ಕೊಂಡುಕೊಂಡಿತು. ಅವರನ್ನು ಇಟ್ಟುಕೊಂಡು 2009ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಹೆಸರಿನ ಕಿರುಚಿತ್ರಗಳನ್ನು ಮಾಡಿದರು. ನಮ್ಮ ಕಸುಬಿನ ಕಣ್ಣಿಂದ ನೋಡಿದರೆ ಅದು ಬುದ್ಧಿವಂತ ಹೆಜ್ಜೆ.

ಹಳೇ_ಜಾಯ್‌ಸ್ಟಿಕ್
ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಒಬ್ಬರೇ ಹೂಂ ಅನ್ನುವುದೂ ಅಪಾಯವೇ. ಸ್ಕ್ವೇರ್ ಕಂಪನಿ ನೆನಪಿದೆಯಾ? ಫೈನಲ್ ಫ್ಯಾಂಟಸಿ ಮಾಡಿದ ಜಪಾನಿನವರು. ಹವಾಯಿಯ ಹೊನೊಲುಲುವಿನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಗೇಮ್ ಸೃಷ್ಟಿಸಿದ ಹಿರೊನೊಬು ಸಕಾಗುಚಿ ಅವರೇ ನಿರ್ದೇಶಕರು. 2001ರಲ್ಲಿ ಸಿನಿಮಾ ಬಂತು. ಖರ್ಚು ಸುಮಾರು 13.7 ಕೋಟಿ ಡಾಲರ್, ಗಳಿಕೆ ಸುಮಾರು 8.5 ಕೋಟಿ. ಮರುವರ್ಷ ಸ್ಟುಡಿಯೋಗೆ ಬೀಗ. ಎನಿಕ್ಸ್ ಅನ್ನುವ ಇನ್ನೊಂದು ಗೇಮ್ ಕಂಪನಿ ಜೊತೆ ಒಂದಾಗುವ ಮಾತುಕತೆಯೂ ತಡವಾಯಿತು. ಆಟ ಬಲ್ಲವರೇ ಮಾಡಿದ್ದು, ಅಲ್ವಾ?

ಪಿಕ್ಸೆಲ್_ಪುಟ್ಟಿ
ಆ ಸಿನಿಮಾ ಬಗ್ಗೆ ಹಗುರವಾಗಿ ಮಾತಾಡಬೇಡಿ! ಅದರ ನಾಯಕಿ ಅಕಿಯ ತಲೆಯಲ್ಲಿ ಸುಮಾರು 60,000 ಕೂದಲು. ಒಂದೊಂದನ್ನೂ ಬೇರೆಬೇರೆಯಾಗಿ ಚಲಿಸುವಂತೆ ಮಾಡಿದ್ದರು. ಅದೂ 2001ಕ್ಕೆ ಮುಂಚೆ! ರೆಂಡರ್ ಮಾಡಲು, ಅಂದರೆ ಚಿತ್ರವನ್ನು ಕೊನೆಯ ರೂಪಕ್ಕೆ ತರಲು, 960 ಕಂಪ್ಯೂಟರ್‌ಗಳ ಸಾಲು. ಒಂದು ಫ್ರೇಮ್‌ಗೆ ಸರಾಸರಿ ಒಂದೂವರೆ ಗಂಟೆ. ಸೆಕೆಂಡಿಗೆ 24 ಫ್ರೇಮ್, ನೀವೇ ಗುಣಿಸಿ. ಕಥೆ ಸಪ್ಪೆ, ಒಪ್ಪುತ್ತೇನೆ. ಕೂದಲು ಮಾತ್ರ ಇವತ್ತಿಗೂ ನೋಡಬಹುದು.

ಸುಮ್ನೆ_ಓದುಗ
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇಲ್ಲಿ ಗಾದೆ ಅಕ್ಷರಶಃ ನಿಜ.

ಲೆಕ್ಕದ_ಮೇಷ್ಟ್ರು
😀 ಆದರೆ ಜಾಯ್‌ಸ್ಟಿಕ್ ಅವರೇ, ನಿಮ್ಮ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ. ಸ್ಕ್ವೇರ್ ತನ್ನ ತಲೆಯ ಮೇಲೇ ಹೊರೆ ಹೊತ್ತಿತು. ಸಿನಿಮಾ ಬಿದ್ದಾಗ ಕಂಪನಿಯೂ ಅಲ್ಲಾಡಿತು. ಉಬಿಸಾಫ್ಟ್ ಹೊರೆ ಹಂಚಿಕೊಂಡಿತು. ಸಿನಿಮಾ ಸೋತರೂ ಸ್ಟುಡಿಯೋ ಉಳಿಯಿತು. ಉಳಿದಿದ್ದರಿಂದಲೇ ನೀವು ಶನಿವಾರ ಸ್ಪ್ಲಿಂಟರ್ ಸೆಲ್ ನೋಡಿದಿರಿ.

ಮಲ್ನಾಡ್ ಅವರೇ, ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಅದು ತಪ್ಪೇ.

ಪುಣೆ_ಕನ್ನಡಿಗ
ತಡವಾಗಿ ಬಂದೆ, ಕ್ಷಮಿಸಿ. ಹುಬ್ಬಳ್ಳಿಯವನು, ಪುಣೆಯಲ್ಲಿ ಗೇಮ್ ಟೆಸ್ಟಿಂಗ್ ಮಾಡುತ್ತೇನೆ. (ಉಬಿಸಾಫ್ಟ್‌ನ ಸ್ಟುಡಿಯೋಗಳು ಪುಣೆ, ಮುಂಬೈ ಎರಡೂ ಕಡೆ ಇವೆ. ನಾನು ಎಲ್ಲಿ ಅಂತ ಕೇಳಬೇಡಿ.)

ಮಲ್ನಾಡ್ ಅಣ್ಣ ಕೇಳಿದ್ದಕ್ಕೆ ನನ್ನ ಉತ್ತರ ಇದು. ಕಂಪನಿಯಲ್ಲಿ ಎರಡು ಥರದ ಜನ ಇರುತ್ತಾರೆ. ಹೆಸರು ಕಾಯುವವರು, ಆಟ ಕಟ್ಟುವವರು. 2016ರ ಸಿನಿಮಾದಲ್ಲಿ ಮೊದಲಿನವರು ಕೆಲಸ ಸರಿಯಾಗಿಯೇ ಮಾಡಿದರು. ಟೋಪಿ ಇದೆ, ಮಣಿಕಟ್ಟಿನ ಬ್ಲೇಡ್ ಇದೆ, ಹದ್ದು ಇದೆ. ಏನೂ ಬಿಟ್ಟಿಲ್ಲ. ಆದರೆ ಕಂಟ್ರೋಲರ್ ಹಿಡಿದಾಗ ಏನು ಮಜಾ ಅನ್ನುವುದನ್ನು ಯಾರೂ ಕೇಳಿದಂತಿಲ್ಲ.

ಈಗ ಅದೇ ಸ್ಟುಡಿಯೋದ ಮಿಥಿಕ್ ಕ್ವೆಸ್ಟ್ ನೋಡಿ. ಆ್ಯಪಲ್ ಟಿವಿಯಲ್ಲಿ 2020ರಿಂದ 2025ರವರೆಗೆ ನಾಲ್ಕು ಸೀಸನ್ ಬಂತು. ಗೇಮ್ ಸ್ಟುಡಿಯೋ ಒಂದರ ಒಳಗಿನ ಹಾಸ್ಯ. ನಟ, ಬರಹಗಾರ ರಾಬ್ ಮೆಕಲ್ಹೆನಿ ಅವರನ್ನು ಉಬಿಸಾಫ್ಟ್‌ನವರೇ ಹುಡುಕಿಕೊಂಡು ಹೋದರು, ಮಾಂಟ್ರಿಯಲ್ ಸ್ಟುಡಿಯೋ ಒಳಗೆ ಸುತ್ತಾಡಿಸಿದರು. ಆಮೇಲೆ ಹುಟ್ಟಿದ ಕಥೆ ಅದು.

ಮೊದಲ ಕಂತಿನ ಜಗಳ ಏನು ಗೊತ್ತಾ? ಒಂದು ಸಲಿಕೆ! ಪಾಪಿ ಅನ್ನುವ ಎಂಜಿನಿಯರ್ ಗೇಮಿಗೆ ಸಲಿಕೆ ಸೇರಿಸುತ್ತಾಳೆ. ಆಟಗಾರ ನೆಲ ಅಗೆಯಬಹುದು, ತಾನು ಅಗೆದ ಗುರುತು ಆ ಲೋಕದಲ್ಲಿ ಉಳಿಯುತ್ತದೆ ಅನ್ನುವುದೇ ಅವಳ ಹೆಮ್ಮೆ. ಅವಳ ಬಾಸ್‌ಗೆ ಅದು ಸಾಲದು. ಸಲಿಕೆಯಿಂದ ಹೊಡೆದು ಕೊಲ್ಲುವಂತಿರಬೇಕು ಅನ್ನುತ್ತಾನೆ. ಇನ್ನು ಆಟಗಾರರ ಕೈಗೆ ಸಲಿಕೆ ಸಿಕ್ಕರೆ ಎಷ್ಟು ಬೇಗ ನೆಲದ ಮೇಲೆ ಹೊಲಸು ಚಿತ್ರ ಬಿಡಿಸುತ್ತಾರೆ ಅನ್ನುವ ಚಿಂತೆ ಬೇರೆ. ನಾನು ನಕ್ಕು ನಕ್ಕು ಊಟದ ತಟ್ಟೆ ಪಕ್ಕಕ್ಕಿಟ್ಟೆ. ನಮ್ಮ ಬಗ್ (ಗೇಮಿನ ದೋಷಗಳ) ಪಟ್ಟಿಯಲ್ಲೂ ಅಂಥದ್ದು ಇರುತ್ತದೆ. ಏನು ಬರೆಯುವ ಸಾಧನ ಕೊಟ್ಟರೂ ಮೊದಲು ನಾವೇ ಹೊಲಸು ಬರೆದು ನೋಡಬೇಕು. ಅದಕ್ಕೇ ಸಂಬಳ.

ಇದನ್ನು ಹೊರಗಿನವರು ಕೂತು ಊಹಿಸಿ ಬರೆಯಲು ಆಗುವುದಿಲ್ಲ. ಸ್ವಂತ ಸ್ಟುಡಿಯೋ ಇದ್ದರೆ ಸಿಗುವ ಲಾಭ ಇದು. ಹೆಸರಿನ ಮೇಲೆ ಹಿಡಿತ ಅಲ್ಲ, ಒಳಗೆ ಬಂದು ನೋಡಲು ತೆರೆದ ಬಾಗಿಲು.

ಮಲ್ನಾಡ್_ಗೇಮರ್
ಇದು ಸರಿ ಕಂಡಿತು. ಆದರೆ ಮಿಥಿಕ್ ಕ್ವೆಸ್ಟ್ ಯಾವ ಗೇಮಿನ ಕಥೆಯೂ ಅಲ್ಲವಲ್ಲ? ಅದು ಕಾಲ್ಪನಿಕ ಗೇಮ್. ಕಾಯಲು ಹೆಸರೇ ಇಲ್ಲದ್ದರಿಂದ ಬಿಟ್ಟುಕೊಟ್ಟರು ಅಷ್ಟೇ.

ಪುಣೆ_ಕನ್ನಡಿಗ
ಇರಬಹುದು. ವೇರ್‌ವುಲ್ವ್ಸ್ ವಿದಿನ್ ಕೂಡ ಹಾಗೇ. 2016ರ ಚಿಕ್ಕ ವಿಆರ್ (ಕಣ್ಣಿಗೆ ಸಾಧನ ಕಟ್ಟಿಕೊಂಡು ಆಡುವ) ಗೇಮ್, ಹೆಚ್ಚು ಜನಕ್ಕೆ ಗೊತ್ತಿಲ್ಲ. ಮಹಿಳಾ ಲೇಖಕರಿಗೆ ಅಂತ ಸ್ಟುಡಿಯೋ ಒಂದು ಫೆಲೋಶಿಪ್ ಇಟ್ಟಿತ್ತು. ಅದರಲ್ಲಿ ಬಂದ ಮಿಷ್ನಾ ವುಲ್ಫ್ ಆ ಕಥೆ ಬರೆದರು. 2021ರಲ್ಲಿ ಸಿನಿಮಾ ಆಯಿತು, ವಿಮರ್ಶಕರು ಮೆಚ್ಚಿದರು. ದೊಡ್ಡ ಹೆಸರು ಬಂದಾಗ ಮಾತ್ರ ಇವರ ಕೈ ನಡುಗುತ್ತದೆ.

ಹಳೇ_ಜಾಯ್‌ಸ್ಟಿಕ್
ಕೈ ನಡುಗದೆ ಏನು ಮಾಡುತ್ತದೆ? ಮಾರಾಟಕ್ಕಿರುವುದೇ ಹೆಸರು. 2025ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿ 116 ಕೋಟಿ ಯೂರೋ ಕೊಡಲು ಒಪ್ಪಿದ್ದು ಯಾವುದಕ್ಕೆ? ಅಸ್ಯಾಸಿನ್ಸ್ ಕ್ರೀಡ್, ಫಾರ್ ಕ್ರೈ, ರೇನ್‌ಬೋ ಸಿಕ್ಸ್, ಈ ಮೂರು ಹೆಸರು ಇರುವ ಹೊಸ ಕಂಪನಿಯಲ್ಲಿ ಸುಮಾರು ಕಾಲು ಭಾಗಕ್ಕೆ. ಅಂಥ ಹೆಸರನ್ನು ಯಾರೋ ಹಾಸ್ಯ ಬರೆಯುವವರ ಕೈಗೆ ಕೊಡುತ್ತಾರಾ?

ಪಿಕ್ಸೆಲ್_ಪುಟ್ಟಿ
ಕೊಟ್ಟಿದ್ದಾರಲ್ಲ! ಫಾರ್ ಕ್ರೈ ಸರಣಿ ಅಮೆರಿಕದ ಎಫ್‌ಎಕ್ಸ್ ಟಿವಿ ವಾಹಿನಿಗೆ ಬರುತ್ತಿದೆ. ಫಾರ್ಗೋ ಸರಣಿ ಮಾಡಿದ ನೋವಾ ಹಾಲಿ ಜೊತೆ ಇರುವವರು ಅದೇ ಮಿಥಿಕ್ ಕ್ವೆಸ್ಟ್‌ನ ರಾಬ್. ಈಗ ರಾಬ್ ಮ್ಯಾಕ್ ಅಂತ ಹೆಸರು ಬದಲಾಯಿಸಿಕೊಂಡಿದ್ದಾರೆ.

ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಸೋನಿ ಕಡೆ ನೋಡಿ. ಅವರ ಸಿನಿಮಾ ಸಂಸ್ಥೆ ಪ್ಲೇಸ್ಟೇಷನ್ ಪ್ರೊಡಕ್ಷನ್ಸ್ ಶುರುವಾದದ್ದು 2019ರಲ್ಲಿ, ಉಬಿಸಾಫ್ಟ್‌ಗಿಂತ ಎಂಟು ವರ್ಷ ತಡ. ಎಚ್‌ಬಿಒಗೆ ದಿ ಲಾಸ್ಟ್ ಆಫ್ ಅಸ್ ಮಾಡಿದಾಗ ಸರಣಿ ಬರೆದ ಕ್ರೇಗ್ ಮೇಜಿನ್ ಪಕ್ಕದಲ್ಲಿ ಗೇಮ್ ಬರೆದ ನೀಲ್ ಡ್ರಕ್‌ಮನ್ ಅವರನ್ನೇ ಕೂರಿಸಿದರು. ಮೂರನೇ ಕಂತಿನಲ್ಲಿ ಗೇಮಿನ ಕಥೆಯನ್ನೇ ಬದಲಾಯಿಸಿದರು. ಬಿಲ್, ಫ್ರ್ಯಾಂಕ್ ಇಬ್ಬರ ಬದುಕು. ಗೇಮಿನಲ್ಲಿ ಫ್ರ್ಯಾಂಕ್ ನಮಗೆ ಸಿಗುವುದೇ ಹೆಣವಾಗಿ. ಇಲ್ಲಿ ಅವರಿಬ್ಬರೂ ಸ್ಟ್ರಾಬೆರಿ ಬೆಳೆದು ತಿನ್ನುತ್ತಾರೆ. ಮೊದಲ ಹಣ್ಣು ಕಚ್ಚಿದಾಗಿನ ಆ ನಗು ನೋಡಿ ಅತ್ತವಳು ನಾನು. ಮೂಲ ಬಲ್ಲವರು ಬದಲಾಯಿಸಿದರೆ ಯಾರೂ ಬೈಯುವುದಿಲ್ಲ.

ಮಲ್ನಾಡ್_ಗೇಮರ್
ಬೈದವರೂ ಇದ್ದರು ಪುಟ್ಟಿ ಅಕ್ಕಾ, ನೀವು ಕಾಮೆಂಟ್ ಓದಿಲ್ಲ. ಆದರೆ ಹೌದು, ಅದು ಒಳ್ಳೆಯ ಕಂತು.

ಲೆಕ್ಕದ_ಮೇಷ್ಟ್ರು
ನಿಂಟೆಂಡೊ ದಾರಿಯೂ ಇದೆ. ಬೇರೆಯವರು ಮಾಡಿದ 1993ರ ಮಾರಿಯೋ ಸಿನಿಮಾ ನೆಲಕಚ್ಚಿತು. ಆಮೇಲೆ ಎಷ್ಟೋ ವರ್ಷ ಸಿನಿಮಾದ ತಂಟೆಗೇ ಹೋಗಲಿಲ್ಲ. 2023ರಲ್ಲಿ ಇಲ್ಯೂಮಿನೇಷನ್ ಅನ್ನುವ ಅನಿಮೇಷನ್ ಸ್ಟುಡಿಯೋ ಜೊತೆ ದುಡ್ಡು ಹಾಕಿ, ಮಾರಿಯೋ ಸೃಷ್ಟಿಸಿದ ಮಿಯಾಮೊಟೊ ಅವರನ್ನೇ ನಿರ್ಮಾಪಕರಾಗಿ ಕೂರಿಸಿ ಮಾಡಿದರು. ಗಳಿಕೆ 136 ಕೋಟಿ ಡಾಲರ್. ಹೊಟ್ಟೆಕಿಚ್ಚಾಗುವಷ್ಟು.

ಹಳೇ_ಜಾಯ್‌ಸ್ಟಿಕ್
ನೋಡಿ, ಎಲ್ಲರೂ ನನ್ನ ದಾರಿಗೇ ಬಂದಿರಿ. ಮಿಯಾಮೊಟೊ, ಡ್ರಕ್‌ಮನ್ ಅಂತ ನೀವು ಹೇಳುತ್ತಿರುವುದು ಮನುಷ್ಯರ ಹೆಸರು, ಸ್ಟುಡಿಯೋ ಹೆಸರಲ್ಲ. ಉಬಿಸಾಫ್ಟ್ ಕಡೆಯಿಂದ ಅಸ್ಯಾಸಿನ್ಸ್ ಕ್ರೀಡ್ ಸಿನಿಮಾದಲ್ಲಿ ಕೂತ ಅಂಥ ಒಬ್ಬರ ಹೆಸರು ಹೇಳಿ ನೋಡೋಣ.

ಪುಣೆ_ಕನ್ನಡಿಗ
ಹೇಳಲು ಆಗುವುದಿಲ್ಲ, ಒಪ್ಪಿದೆ. 😅 ಆದರೆ ಅಂಥವರಿಗೆ ಕುರ್ಚಿ ಹಾಕಲು ಯಾರಾದರೂ ಬೇಕಲ್ಲ ಸರ್. ಹಕ್ಕು ಮಾರಿ ಕೈತೊಳೆದರೆ ಕುರ್ಚಿಯೂ ಇರುವುದಿಲ್ಲ.

ಲೆಕ್ಕದ_ಮೇಷ್ಟ್ರು
ನೆಟ್‌ಫ್ಲಿಕ್ಸ್‌ನ ಅಸ್ಯಾಸಿನ್ಸ್ ಕ್ರೀಡ್ ಸರಣಿ ಬಂದ ಮೇಲೆ ನೋಡಿದರೆ ಗೊತ್ತಾಗುತ್ತದೆ. 2020ರ ಘೋಷಣೆ, 2025ರಲ್ಲಿ ಹಸಿರು ನಿಶಾನೆ.

ಸುಮ್ನೆ_ಓದುಗ
ಈ ಕಾಲದ ಕೋಟಿನವರು ಎಷ್ಟು ನಿಮಿಷ ಬರುತ್ತಾರೆ ಅಂತ ಮಲ್ನಾಡ್ ಅವರು ಗಡಿಯಾರ ಹಿಡಿದು ಕೂರಲಿ.

ಮಲ್ನಾಡ್_ಗೇಮರ್
ಕೂರುತ್ತೇನೆ. ಹತ್ತು ನಿಮಿಷ ದಾಟಿದರೆ ಇಲ್ಲೇ ಬಂದು ಬೈಯುತ್ತೇನೆ.

ಹಳೇ_ಜಾಯ್‌ಸ್ಟಿಕ್
ಕನ್ನಡಿಗ ತಮ್ಮಾ, ಆ ಸಲಿಕೆ ಮೊದಲ ಕಂತಿನಲ್ಲೇ ಅಂದೆ ಅಲ್ವಾ? ಇವತ್ತು ರಾತ್ರಿ ನೋಡುತ್ತೇನೆ. ಊಟ ಮುಗಿಸಿಯೇ.